ಹಾಯಿ ಸಮರನೌಕೆಯ ಹಿಂಬದಿ: ಕಟ್ಟಿದ ಬಗೆ, ಬದಲಾದ ಬಗೆ

ಮರದ ಹಾಯಿ ಸಮರನೌಕೆಯ ಹಿಂಬದಿಯಲ್ಲಿ ಎರಡು ಕಟ್ಟಡಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ನೀರಿನ ಲೆಕ್ಕಕ್ಕೆ ಸೇರಿದ್ದು. ಹಡಗಿನ ಒಡಲು ಕಿರಿದಾಗುತ್ತ ಬಂದು ನಿಂತ ಕಂಬವೊಂದಕ್ಕೆ ಸೇರಿ ಮುಗಿಯುತ್ತದೆ, ಆ ಕಂಬದಲ್ಲಿ ಚುಕ್ಕಾಣಿ ತೂಗುತ್ತದೆ. ಮೇಲಿನದು ಅಧಿಕಾರಿಗಳ ಲೆಕ್ಕಕ್ಕೆ ಸೇರಿದ್ದು. ಕಿಟಕಿಗಳ ಸಾಲು, ಮೊಗಸಾಲೆ, ಕೆತ್ತನೆ, ಬಂಗಾರದ ಲೇಪ ಎಲ್ಲ ಅಲ್ಲಿ. ಈ ಎರಡರ ನಡುವಿನ ಗಡಿಯೇ ವಿಂಗ್ ಟ್ರಾನ್ಸಮ್ ಎಂಬ ಒಂದು ದಪ್ಪ ಅಡ್ಡತೊಲೆ. ಅದರ ಕೆಳಗೆ ಹಡಗು ಗಟ್ಟಿ. ಅದರ ಮೇಲೆ, ನೋಡಲು ಎಷ್ಟೇ ಭವ್ಯವಾಗಿರಲಿ, ಹಡಗು ದುರ್ಬಲ. 16ನೇ ಶತಮಾನದಿಂದ 19ನೇ ಶತಮಾನದ ಮಧ್ಯದವರೆಗೆ ಯುರೋಪಿನ ಹಡಗು ಬಡಗಿಗಳು ಈ ದೌರ್ಬಲ್ಯದೊಂದಿಗೆ ಹೆಣಗಿದ ಕಥೆಯೇ ಹಿಂಬದಿಯ ಚರಿತ್ರೆ. ಹಡಗಿನ ಮಾದರಿ ಕಟ್ಟುವವರಿಗೂ ಇಡೀ ಕೆಲಸದಲ್ಲಿ ಅತಿ ಕಠಿಣವಾದ ಭಾಗ ಇದೇ. ಇದರ ಚರಿತ್ರೆ ಗೊತ್ತಿಲ್ಲದೆ ಕೈಹಾಕಿದರೆ ಒಂದು ಕಾಲದ ಹಡಗಿಗೆ ಇನ್ನೊಂದು ಕಾಲದ ಹಿಂಬದಿ ಅಂಟಿಕೊಳ್ಳುತ್ತದೆ.

ಉತ್ತರ ಯುರೋಪಿನಲ್ಲಿ ಮೊದಲು ಹಡಗನ್ನು ತಿರುಗಿಸುತ್ತಿದ್ದದ್ದು ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟಿನಿಂದ. 12ನೇ ಶತಮಾನದ ಕೊನೆಯ ಹೊತ್ತಿಗೆ ಹಿಂಗಂಬಕ್ಕೆ ತೂಗುಹಾಕಿದ ಚುಕ್ಕಾಣಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ಲಿನ ಜ್ಞಾನಸ್ನಾನದ ಕಲ್ಲುಬಾನಿಯ ಮೇಲಿನ ಕೆತ್ತನೆಯಲ್ಲಿ, 1242ರ ಎಲ್ಬಿಂಗ್ ಪಟ್ಟಣದ ಮುದ್ರೆಯಲ್ಲಿ ಅದರ ಚಿತ್ರಗಳಿವೆ. ನೆಟ್ಟಗಿನ ಹಿಂಗಂಬ ಬಂದ ಮೇಲೆ ಹಿಂಬದಿಗೆ ಒಂದು ನಿಶ್ಚಿತ ನೆಲೆ ಸಿಕ್ಕಿತು. ಆದರೂ ಬಹುಕಾಲ ಒಡಲಿನ ಹಲಗೆಗಳು ಎರಡೂ ಕಡೆಯಿಂದ ಬಾಗಿ ಬಂದು ಆ ಕಂಬಕ್ಕೇ ಸೇರುತ್ತಿದ್ದವು. ಹಿಂಬದಿ ದುಂಡಗೇ ಇತ್ತು.

15ನೇ ಶತಮಾನದ ಕೊನೆಗೆ ಇದು ಬದಲಾಯಿತು. ಹಲಗೆಯ ಮೇಲೆ ಹಲಗೆ ಹೊದಿಸುವ ಪದ್ಧತಿ ಹಿಂದೆ ಸರಿದು, ಮೊದಲು ಪಕ್ಕೆಲುಬುಗಳನ್ನು ನಿಲ್ಲಿಸಿ ಅವುಗಳ ಮೇಲೆ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಜಡಿಯುವ ಪದ್ಧತಿ ಬೇರೂರಿತು. ಭಾರಿ ಫಿರಂಗಿಗಳು ಹಡಗಿನೊಳಗೆ ಬಂದವು. ಅವುಗಳಲ್ಲಿ ಕೆಲವನ್ನು ಹಿಂದಕ್ಕೆ ಗುರಿಯಿಡಬೇಕಿತ್ತು. ದುಂಡಗೆ ಒತ್ತಿಕೊಂಡ ಹಿಂಬದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಆಗ ಬಡಗಿಗಳು ಹಿಂಗಂಬದ ಎರಡೂ ಬದಿಗೆ ಅಡ್ಡತೊಲೆಗಳನ್ನು ಜೋಡಿಸಿ ಹಿಂಬದಿಯನ್ನು ಚಪ್ಪಟೆ ಗೋಡೆಯಂತೆ ಕಟ್ಟಿದರು. ಆ ಗೋಡೆಯಲ್ಲಿ ಫಿರಂಗಿಗೆ ಕಿಂಡಿ ಕೊರೆಯಬಹುದಿತ್ತು, ಅದರ ಮೇಲೆ ಎತ್ತರದ ಕೋಣೆಗಳನ್ನು ಏರಿಸಬಹುದಿತ್ತು. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮೇರಿ ರೋಸ್ ಹಡಗು 1545ರ ಜುಲೈ 19ರಂದು ಮುಳುಗಿ 1982ರಲ್ಲಿ ಮೇಲೆ ಬಂತು. ಈ ಚಪ್ಪಟೆ ಹಿಂಬದಿಯ ಅಳಿದುಳಿದ ಭಾಗವನ್ನು ಅದರಲ್ಲಿ ಇಂದಿಗೂ ಕಾಣಬಹುದು. ಅಲ್ಲಿ ಹಿಂಗೋಡೆಯ ಹಲಗೆಗಳು ಓರೆಯಾಗಿ ಕೂತಿವೆ. ಹಾಗೆ ಜೋಡಿಸಿದ ಹಲಗೆಗಳು ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿಯುತ್ತವೆ. ಅಂದಿನ ಬಡಗಿಗಳಿಗೆ ಇದು ಅನುಭವದಿಂದಲೇ ತಿಳಿದಿತ್ತು.

ಈ ಚಪ್ಪಟೆ ಹಿಂಬದಿಗೆ ಇಂಗ್ಲಿಷ್ ಬಡಗಿಗಳು ಇಟ್ಟ ಹೆಸರು ಸ್ಕ್ವೇರ್ ಟಕ್. ಅದರ ಅಸ್ಥಿಪಂಜರವನ್ನು ಒಮ್ಮೆ ಮನಸ್ಸಿನಲ್ಲಿ ಕಟ್ಟಿಕೊಂಡರೆ ಮುಂದಿನದೆಲ್ಲ ಸುಲಭ. ಹಡಗಿನ ಉದ್ದಕ್ಕೂ ಓಡುವ ಅಡಿಮರ ಕೀಲ್. ಅದರ ಹಿಂತುದಿಯಲ್ಲಿ, ತುಸು ಹಿಂದಕ್ಕೆ ವಾಲಿದಂತೆ, ಹಿಂಗಂಬ ನಿಲ್ಲುತ್ತದೆ. ಹಿಂಗಂಬದ ಒಳಮೈಗೆ ಇನ್ನೊಂದು ಕಂಬ ಆತು ನಿಲ್ಲುತ್ತದೆ. ಈ ಕಂಬ ಮತ್ತು ಕೀಲ್ ಕೂಡುವ ಮೂಲೆಯಲ್ಲಿ ಒಡಲು ತೀರ ಕಿರಿದಾಗುವುದರಿಂದ ಅಲ್ಲಿ ಪೂರ್ತಿ ಪಕ್ಕೆಲುಬು ಕೂರುವುದಿಲ್ಲ. ಬದಲಿಗೆ ಡೆಡ್‌ವುಡ್ ಎಂದು ಕರೆಯುವ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಬೋಲ್ಟು ಬಿಗಿಯುತ್ತಾರೆ. ಕಂಬಗಳ ಮೇಲ್ಭಾಗದಲ್ಲಿ, ಕಚ್ಚು ಕೊಯ್ದು, ಟ್ರಾನ್ಸಮ್ ಎಂಬ ಅಡ್ಡತೊಲೆಗಳನ್ನು ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಅಗಲವಾದದ್ದು ವಿಂಗ್ ಟ್ರಾನ್ಸಮ್. ಅದರ ಕೆಳಗೆ ಅಟ್ಟದ ಹಲಗೆಗಳ ತುದಿಗೆ ಆಸರೆಯಾಗುವ ಡೆಕ್ ಟ್ರಾನ್ಸಮ್, ಅದಕ್ಕೂ ಕೆಳಗೆ ಕಿರಿದಾಗುತ್ತ ಹೋಗುವ ಚಿಕ್ಕ ತೊಲೆಗಳು. ಇವೆಲ್ಲದರ ತುದಿಗಳನ್ನು ಎಡಬಲದಲ್ಲಿ ಒಟ್ಟಿಗೆ ಹಿಡಿಯುವ ಬಾಗಿದ ಮರ ಫ್ಯಾಷನ್ ಪೀಸ್. ಪಕ್ಕೆಲುಬುಗಳ ಸಾಲಿನ ಕೊನೆಯ ಸದಸ್ಯನೂ ಇದೇ, ಹಿಂಗೋಡೆಯ ಅಂಚುಪಟ್ಟಿಯೂ ಇದೇ.

ಇಂಥ ಬಾಗಿದ ಮರಗಳಿಗೆ ಓಕ್ ಮರದ ಸಹಜ ಬಾಗನ್ನೇ ಹುಡುಕುತ್ತಿದ್ದರು. ನೇರ ದಿಮ್ಮಿಯನ್ನು ಬಾಗಾಗಿ ಕೊಯ್ದರೆ ನಾರು ಅಡ್ಡಕ್ಕೆ ಕತ್ತರಿಸಿ ಹೋಗಿ ಮರ ಸೀಳುತ್ತದೆ. ದಟ್ಟ ಕಾಡಿನಲ್ಲಿ ನೆಟ್ಟಗೆ ಬೆಳೆದ ಓಕ್‌ಗಿಂತ ಹೊಲದ ಬೇಲಿಸಾಲಿನಲ್ಲಿ ಗಾಳಿಗೆ ಸೊಟ್ಟಗೆ ಬೆಳೆದ ಓಕ್‌ಗೆ ಹಡಗುಕಟ್ಟೆಯಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ಇದಕ್ಕಾಗಿ. ಮಾದರಿ ಕಟ್ಟುವಾಗಲೂ ಈ ನಿಯಮ ಬದಲಾಗುವುದಿಲ್ಲ. ಫ್ಯಾಷನ್ ಪೀಸನ್ನು ಒಂದೇ ತುಂಡಿನಲ್ಲಿ ಕೊಯ್ದರೆ ಅದರ ಕೆಳತುದಿ ಬೆರಳು ತಗುಲಿದರೆ ಮುರಿಯುವಷ್ಟು ದುರ್ಬಲವಾಗುತ್ತದೆ. ನಾರಿನ ದಿಕ್ಕು ನೋಡಿ ಎರಡು ತುಂಡು ಕೂಡಿಸುವುದೇ ಸರಿ. ನಿಜವಾದ ಹಡಗಿನಲ್ಲೂ ಹಾಗೇ ಮಾಡುತ್ತಿದ್ದರು.

ಚಪ್ಪಟೆ ಹಿಂಬದಿಯನ್ನು ಅದರ ಪೂರ್ತಿ ಎತ್ತರದಲ್ಲಿ ಇಂದು ನೋಡಬೇಕೆಂದರೆ ಸ್ವೀಡನ್ನಿನ ವಾಸಾ ಹಡಗಿನ ಮುಂದೆ ನಿಲ್ಲಬೇಕು. 64 ಫಿರಂಗಿಗಳ ಈ ಹಡಗನ್ನು ಗುಸ್ತಾವ್ ಅಡಾಲ್ಫ್ ದೊರೆಗಾಗಿ ಡಚ್ ಮೂಲದ ಹೆನ್ರಿಕ್ ಹೈಬರ್ಟ್ಸನ್‌ನ ಮೇಲ್ವಿಚಾರಣೆಯಲ್ಲಿ ಕಟ್ಟಲಾಯಿತು. 1628ರ ಆಗಸ್ಟ್ 10ರಂದು ಮೊದಲ ಪಯಣದಲ್ಲೇ ಸ್ಟಾಕ್‌ಹೋಮ್ ಬಂದರಿನೊಳಗೇ ಅದು ಮಗುಚಿ ಮುಳುಗಿತು. 1961ರ ಏಪ್ರಿಲ್ 24ರಂದು ಮೇಲೆತ್ತಿದರು. ನೀರಿನ ಕೆಳಗೆ ಕಳೆದ ಆ ಮುನ್ನೂರಕ್ಕೂ ಹೆಚ್ಚು ವರ್ಷಗಳು ಹಿಂಬದಿಯ ಕಟ್ಟಣೆಯ ಬಗ್ಗೆ ಒಂದು ಪಾಠ ಕಲಿಸಿವೆ. ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಕರಗಿದಾಗ ಹಿಂಬದಿಯ ಶಿಲ್ಪಗಳೆಲ್ಲ ಕಳಚಿ ಕೆಸರಿಗೆ ಬಿದ್ದವು, ಮೇಲಿನ ಕೋಣೆಗಳೂ ಕುಸಿದವು. ಕೆಳಗಿನ ಒಡಲು ಮಾತ್ರ ಹಾಗೇ ನಿಂತಿತ್ತು, ಏಕೆಂದರೆ ಅದನ್ನು ಹೆಚ್ಚಾಗಿ ಮರದ ಗೂಟಗಳಿಂದ ಬಿಗಿದಿದ್ದರು. ಶಿಲ್ಪಗಳು ಹಡಗಿನ ಮೂಳೆಯಲ್ಲಿ ಬೆಳೆದವಲ್ಲ, ಮೇಲಿಂದ ಜಡಿದ ಆಭರಣಗಳು ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿತು.

ವಾಸಾದ ಬಣ್ಣದ ವಿಷಯವೂ ಮಾದರಿಗಾರರಿಗೆ ಮುಖ್ಯ. ಬಹುಕಾಲ ಅದರ ಹಿಂಬದಿ ನೀಲಿ ಹಿನ್ನೆಲೆಯಲ್ಲಿ ಬಂಗಾರದ ಶಿಲ್ಪಗಳಿಂದ ಕೂಡಿತ್ತೆಂದು ನಂಬಲಾಗಿತ್ತು. ಹಳೆಯ ಎಷ್ಟೋ ಮಾದರಿಗಳು ಹಾಗೇ ಇವೆ. ಮರದ ರಂಧ್ರಗಳಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದ ಮೇಲೆ ಹಿನ್ನೆಲೆ ಕೆಂಪು, ಶಿಲ್ಪಗಳು ಹಲವು ಗಾಢ ಬಣ್ಣಗಳವು ಎಂದು ತಿಳಿಯಿತು. ವಾಸಾ ಮ್ಯೂಸಿಯಮ್ಮಿನಲ್ಲಿರುವ ಹತ್ತರಲ್ಲೊಂದು ಅಳತೆಯ ದೊಡ್ಡ ಮಾದರಿ ಈ ಹೊಸ ತಿಳಿವಳಿಕೆಯನ್ನು ತೋರಿಸುತ್ತದೆ. ಸಿಂಹಗಳು, ಗ್ರಿಫಿನ್ನುಗಳು, ಯೋಧರು ಕಣ್ಣು ಕುಕ್ಕುವ ಬಣ್ಣದಲ್ಲಿ ನಿಂತಿದ್ದಾರೆ. ಹಳೆಯದೆಲ್ಲ ಮಂಕಾಗಿರಬೇಕೆಂಬ ನಮ್ಮ ಕಾಲದ ರುಚಿಯನ್ನು 17ನೇ ಶತಮಾನದ ಮೇಲೆ ಹೇರಬಾರದು.

ಚಪ್ಪಟೆ ಹಿಂಬದಿಗೆ ನೀರಿನಲ್ಲಿ ಒಂದು ದೊಡ್ಡ ದೋಷವಿತ್ತು. ಒಡಲಿನ ಪಕ್ಕದಿಂದ ಹರಿದು ಬರುವ ನೀರು ಗೋಡೆಯ ಅಂಚಿನಲ್ಲಿ ಥಟ್ಟನೆ ಆಸರೆ ತಪ್ಪಿ ಸುಳಿಯಾಗುತ್ತದೆ. ಸುಳಿ ಹಡಗನ್ನು ಹಿಂದಕ್ಕೆ ಎಳೆಯುತ್ತದೆ, ಚುಕ್ಕಾಣಿಗೆ ಶುದ್ಧವಾದ ಹರಿವು ಸಿಗದಂತೆ ಮಾಡುತ್ತದೆ. 17ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ಬಡಗಿಗಳು ಇದಕ್ಕೆ ಕಂಡುಕೊಂಡ ಪರಿಹಾರ ರೌಂಡ್ ಟಕ್. ಟ್ರಾನ್ಸಮ್‌ಗಳನ್ನು ಚಪ್ಪಟೆ ಗೋಡೆಯಾಗಿ ಬಿಡದೆ, ಅವುಗಳ ತುದಿಗಳು ಮುಂದಕ್ಕೆ ಬಾಗುವಂತೆ ಕೆತ್ತಿ, ಒಡಲಿನ ಹಲಗೆಗಳು ಬದಿಯಿಂದ ಮೃದುವಾಗಿ ತಿರುಗಿ, ಮೇಲಕ್ಕೆ ಸುತ್ತಿ ಬಂದು ವಿಂಗ್ ಟ್ರಾನ್ಸಮ್ಮಿನ ಕೆಳಗೆ ಮುಗಿಯುವಂತೆ ಮಾಡಿದರು. ವಿಂಗ್ ಟ್ರಾನ್ಸಮ್‌ಗಿಂತ ಮೇಲೆ ಚೌಕ ಹಿಂಬದಿ ಹಾಗೇ ಉಳಿಯಿತು. ಕೆಳಗೆ ಮಾತ್ರ ದುಂಡಗಾಯಿತು. ಡಚ್ಚರು ಮತ್ತು ಫ್ರೆಂಚರು ಚಪ್ಪಟೆ ಹಿಂಬದಿಯನ್ನು ಇನ್ನೂ ಬಹುಕಾಲ ಬಿಡಲಿಲ್ಲ. ಹಳೆಯ ವರ್ಣಚಿತ್ರದಲ್ಲಿ ಹಡಗು ಯಾವ ದೇಶದ್ದೆಂದು ಗುರುತಿಸಲು ನೀರಿನ ಗೆರೆಯ ಹತ್ತಿರದ ಈ ಒಂದು ಲಕ್ಷಣ ಹಲವು ಸಲ ಬಾವುಟಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಇಂಗ್ಲೆಂಡಿನಲ್ಲೂ ಯಾಟ್, ಕಟರ್, ಸ್ಲೂಪ್‌ನಂಥ ಚಿಕ್ಕ ನೌಕೆಗಳಲ್ಲಿ 18ನೇ ಶತಮಾನದಲ್ಲೂ ಚಪ್ಪಟೆ ಹಿಂಬದಿ ಮುಂದುವರಿಯಿತು.

ಮಾದರಿಗೆ ಹಲಗೆ ಹೊದಿಸುವಾಗ ಈ ಎರಡು ಬಗೆಗಳು ಬೇರೆ ಬೇರೆ ಕೆಲಸ ಬೇಡುತ್ತವೆ. ಚಪ್ಪಟೆ ಹಿಂಬದಿಯಲ್ಲಿ ಹಲಗೆ ಫ್ಯಾಷನ್ ಪೀಸಿನ ಅಂಚಿಗೆ ಬಂದು ನಿಲ್ಲುತ್ತದೆ. ಅಂಚನ್ನು ಚೂಪಾಗಿ ಉಳಿಸುವುದಷ್ಟೇ ಎಚ್ಚರ. ರೌಂಡ್ ಟಕ್‌ನಲ್ಲಿ ಕೆಳಗಿನ ಹಲಗೆ ಹಿಂಗಂಬದ ತೋಡಿಗೆ ಸೇರಿದರೆ ಮೇಲಿನದು ತಿರುಚಿಕೊಂಡು ಟ್ರಾನ್ಸಮ್ಮಿನ ಕೆಳಗೆ ಸಿಗುತ್ತದೆ. ನಡುಹಡಗಿಗಿಂತ ಹಿಂಬದಿಯಲ್ಲಿ ಹಲಗೆ ಹೊದಿಸಬೇಕಾದ ಸುತ್ತಳತೆ ಹೆಚ್ಚಾಗುವುದರಿಂದ ಹಲಗೆಗಳ ನಡುವೆ ಜಾಗ ತೆರೆದುಕೊಳ್ಳುತ್ತದೆ. ಹಡಗು ಬಡಗಿ ಅಲ್ಲಿಗೆ ಹಿಂತುದಿಯಲ್ಲಿ ಅಗಲವಾಗುವ ಹಲಗೆ ಕೊಯ್ಯುತ್ತಿದ್ದ, ಇಲ್ಲವೇ ಒಂದು ಸಾಲಿನಲ್ಲಿ ಕಚ್ಚು ಕೊಟ್ಟು ಹೆಚ್ಚುವರಿ ಹಲಗೆಯೊಂದನ್ನು ಸೇರಿಸುತ್ತಿದ್ದ. ಚೂಪಾದ ಮುಕ್ಕೋನದ ಚೂರುಗಳನ್ನು ಎಂದೂ ತುರುಕುತ್ತಿರಲಿಲ್ಲ. ಅಂಥ ಚೂರಿನ ತುದಿಗೆ ಮೊಳೆ ಹಿಡಿಯುವುದಿಲ್ಲ, ಸಂದಿಗೆ ತುಂಬಿದ ನಾರು ನಿಲ್ಲುವುದಿಲ್ಲ. ಎಷ್ಟೋ ಸುಂದರ ಮಾದರಿಗಳ ಮರ್ಯಾದೆ ಹೋಗುವುದು ಈ ಮುಕ್ಕೋನಗಳಿಂದಲೇ.

ವಿಂಗ್ ಟ್ರಾನ್ಸಮ್ಮಿನ ಮೇಲೆ ಹಿಂಬದಿ ಹೊರಕ್ಕೆ ಚಾಚಲು ತೊಡಗುತ್ತದೆ. ಆ ಚಾಚು ಕೌಂಟರ್. ದೊಡ್ಡ ಹಡಗುಗಳಲ್ಲಿ ಕೆಳಗಿನದು, ಮೇಲಿನದು ಎಂದು ಎರಡು ಹಂತ. ಚುಕ್ಕಾಣಿಯ ತಲೆ ಕೆಳಗಿನ ಕೌಂಟರಿನ ನಡುವಿನ ತೂತಿನ ಮೂಲಕ ಒಳಗೆ ಹೋಗಿ ಅಲ್ಲಿ ಟಿಲ್ಲರ್ ಎಂಬ ಹಿಡಿಮರಕ್ಕೆ ಸೇರುತ್ತದೆ. ಕೌಂಟರಿನ ಮೇಲೆ ಕಿಟಕಿಗಳ ಸಾಲು, ಕೊನೆಗೆ ಎಲ್ಲಕ್ಕೂ ಮೇಲೆ ಕೆತ್ತನೆಯ ಕಿರೀಟಪಟ್ಟಿ ಟ್ಯಾಫ್ರೇಲ್. ಇಷ್ಟನ್ನೂ ಹೊರುವುದು ಸ್ಟರ್ನ್ ಟಿಂಬರ್ ಎಂಬ ಕೆಲವೇ ನಿಂತ ಮರಗಳು. ಅವುಗಳ ಬುಡ ವಿಂಗ್ ಟ್ರಾನ್ಸಮ್ಮಿನ ಮೇಲೆ ಒಂದು ಕಚ್ಚಿನಲ್ಲಿ ಕೂತಿರುತ್ತದೆ, ಅಷ್ಟೇ. ಬದಿಯ ಪಕ್ಕೆಲುಬಿನಂತೆ ಅವು ಕೀಲ್‌ವರೆಗೆ ಇಳಿಯುವುದಿಲ್ಲ. ಹಿಂಬದಿಯ ದೌರ್ಬಲ್ಯದ ಮೂಲ ಇರುವುದು ಇಲ್ಲೇ. ಬದಿಯ ಗೋಡೆ ಎರಡು ಅಡಿಗೂ ಮಿಕ್ಕಿ ದಪ್ಪದ ಓಕ್. ಹಿಂದಿನ ಗೋಡೆ ತೆಳ್ಳನೆಯ ಮರ, ಗಾಜು, ಕೆತ್ತನೆ. ಬಿರುಗಾಳಿಯಲ್ಲಿ ಹಿಂದಿನಿಂದ ಏರಿಬರುವ ಅಲೆ ಕಿಟಕಿಗಳನ್ನು ಒಡೆದು ನುಗ್ಗಬಾರದೆಂದು ಡೆಡ್‌ಲೈಟ್ ಎಂಬ ಗಟ್ಟಿ ಮರದ ಮುಚ್ಚಳಗಳನ್ನು ಅವಕ್ಕೆ ಬಿಗಿಯುತ್ತಿದ್ದರು.

ಇಷ್ಟು ದುರ್ಬಲವೆಂದು ಗೊತ್ತಿದ್ದೂ ಅದನ್ನು ಏಕೆ ಉಳಿಸಿಕೊಂಡರು? ಹಡಗಿನಲ್ಲಿ ಬೆಳಕು, ಗಾಳಿ ಧಾರಾಳವಾಗಿ ಸಿಗುವ ಒಂದೇ ಜಾಗ ಅದಾಗಿತ್ತು. ಕ್ಯಾಪ್ಟನ್ನಿನ ದೊಡ್ಡ ಕೋಣೆ, ಅಡ್ಮಿರಲ್ಲಿನ ಕೋಣೆ, ಅಧಿಕಾರಿಗಳ ಊಟದ ಕೋಣೆ ಎಲ್ಲ ಈ ಕಿಟಕಿಗಳಿಗೆ ಹೊಂದಿಕೊಂಡಿದ್ದವು. ಎರಡು ಮೂಲೆಗಳಿಂದ ಹೊರಕ್ಕೆ ಉಬ್ಬಿದ ಕ್ವಾರ್ಟರ್ ಗ್ಯಾಲರಿಗಳು ಅಧಿಕಾರಿಗಳ ಶೌಚಾಲಯಗಳು. ಹೊರಗಿನಿಂದ ಅರಮನೆಯ ಬುರುಜಿನಂತೆ ಕಾಣುವ ಈ ಭಾಗದ ಕೆಲವು ಕಿಟಕಿಗಳು ಬರೀ ತೋರಿಕೆಯವು. ಹಿಂದೆ ಹಲಗೆಯಿದ್ದರೂ ಸಾಲು ತಪ್ಪದಿರಲೆಂದು ಕಿಟಕಿಯ ಚೌಕಟ್ಟನ್ನು ಮೇಲೆ ಜಡಿಯುತ್ತಿದ್ದರು. 17ನೇ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ಹಡಗುಗಳಲ್ಲಿ ಹಿಂಬದಿಯುದ್ದಕ್ಕೂ ತೆರೆದ ಮೊಗಸಾಲೆ ಸಾಮಾನ್ಯವಾಯಿತು. ಯುದ್ಧದ ಕರೆ ಬಂದಾಗ ಈ ಕೋಣೆಗಳ ಅಡ್ಡಗೋಡೆಗಳನ್ನು ಕಳಚಿ, ಪೀಠೋಪಕರಣ ಸಾಗಿಸಿ, ಫಿರಂಗಿಗೆ ಜಾಗ ಬಿಡುತ್ತಿದ್ದರು.

ಹಿಂಬದಿ ದೊರೆಯ ಮುಖವೂ ಆಗಿತ್ತು. ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಕಟ್ಟಿಸಿದ, 1637ರಲ್ಲಿ ನೀರಿಗಿಳಿದ ಸಾವರಿನ್ ಆಫ್ ದ ಸೀಸ್ ಇದರ ಪರಮಾವಧಿ. ಫಿನಿಯಾಸ್ ಪೆಟ್ ವಿನ್ಯಾಸ ಮಾಡಿದ, ಅವನ ಮಗ ಪೀಟರ್ ಪೆಟ್ ಕಟ್ಟಿದ ಈ ಹಡಗಿನಲ್ಲಿ ಕೆತ್ತನೆ ಮತ್ತು ಬಂಗಾರದ ಲೇಪಕ್ಕೇ 6,691 ಪೌಂಡ್ ಖರ್ಚಾಯಿತು. ಅಷ್ಟು ಹಣದಲ್ಲಿ ಸಾಧಾರಣ ಸಮರನೌಕೆಯನ್ನೇ ಕಟ್ಟಬಹುದಿತ್ತು. ನೌಕಾಪಡೆಗಾಗಿ ಹೇರಿದ ಶಿಪ್ ಮನಿ ಎಂಬ ತೆರಿಗೆ ದೊರೆಗೂ ಪ್ರಜೆಗಳಿಗೂ ನಡುವಿನ ಜಗಳವನ್ನು ಬೆಳೆಸಿತು. ಪೀಟರ್ ಲೆಲಿ ಬರೆದ ವರ್ಣಚಿತ್ರವೊಂದರಲ್ಲಿ ಪೀಟರ್ ಪೆಟ್‌ನ ಪಕ್ಕದಲ್ಲಿ ಈ ಹಡಗಿನ ಹಿಂಬದಿ ಪೂರ್ತಿ ಕಾಣುತ್ತದೆ. ಈ ಹಡಗಿನ ಮಾದರಿ ಕಟ್ಟಿದವರೆಲ್ಲ ಆ ಚಿತ್ರವನ್ನು ಇಂಚಿಂಚಾಗಿ ಓದಿದ್ದಾರೆ. ಶತ್ರುವಿನ ಹಿಂಬದಿಯ ಲಾಂಛನ ಗೆದ್ದವನಿಗೆ ದೊಡ್ಡ ಬಹುಮಾನ. 1667ರಲ್ಲಿ ಡಚ್ಚರು ಮೆಡ್ವೇ ನದಿಗೆ ನುಗ್ಗಿ ರಾಯಲ್ ಚಾರ್ಲ್ಸ್ ಹಡಗನ್ನು ಎಳೆದೊಯ್ದರು. ಹಡಗನ್ನು ಮುಂದೆ ಒಡೆದುಹಾಕಿದರೂ ಅದರ ಹಿಂಬದಿಯ ರಾಜಲಾಂಛನವನ್ನು ಉಳಿಸಿಕೊಂಡರು. ಅದು ಈಗಲೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. 17ನೇ ಶತಮಾನದ ಇಂಗ್ಲಿಷ್ ಹಿಂಬದಿಯ ಕೆತ್ತನೆ ಎಷ್ಟು ಆಳ, ಎಷ್ಟು ದಪ್ಪ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಶಿಲ್ಪಿ ಪಿಯರ್ ಪ್ಯೂಜೆ ತೂಲಾನ್ ಹಡಗುಕಟ್ಟೆಯಲ್ಲಿ ಕೆತ್ತಿಸಿದ ಭಾರಿ ವಿಗ್ರಹಗಳ ವಿರುದ್ಧ ನೌಕಾಧಿಕಾರಿಗಳೇ ದೂರಿದರು. ಹಡಗಿನ ಹಿಂತುದಿಯಲ್ಲಿ, ಅದೂ ಎತ್ತರದಲ್ಲಿ, ಇಷ್ಟೊಂದು ಭಾರ ನೇತುಹಾಕಿದರೆ ಕೀಲ್‌ನ ತುದಿಗಳು ಕಾಲಕ್ರಮೇಣ ಜಗ್ಗುತ್ತವೆ. ಹಿಂಬದಿಯ ಕೆಳಗೆ ಒಡಲು ತೆಳ್ಳಗಿರುವುದರಿಂದ ಅಲ್ಲಿ ನೀರು ಎತ್ತಿಹಿಡಿಯುವ ಬಲವೂ ಕಡಿಮೆ. ಇಂಗ್ಲೆಂಡಿನ ನೇವಿ ಬೋರ್ಡ್ 1703ರಲ್ಲಿ ಕೆತ್ತನೆಗೆ ಕಡಿವಾಣ ಹಾಕಿ ಹಿಂಬದಿಯಲ್ಲಿ ಟ್ಯಾಫ್ರೇಲ್ ಮತ್ತು ಎರಡು ಮೂಲೆಯ ಶಿಲ್ಪಗಳಿಗೆ ಸೀಮಿತಗೊಳಿಸಿತು. 1796ರಲ್ಲಿ ಇನ್ನೂ ಕಟುವಾದ ಆಜ್ಞೆ ಬಂತು. ಮಾದರಿಗಾರರಿಗೆ ಈ ಎರಡು ಇಸವಿಗಳು ಒಳ್ಳೆಯ ಮೈಲಿಗಲ್ಲು. 1690ರ ಹಡಗಿನಲ್ಲಿ ಕಿಟಕಿ ಕಿಟಕಿಯ ನಡುವೆ ವಿಗ್ರಹ ಇದ್ದರೆ ಸಹಜ. 1740ರದರಲ್ಲಿ ಅದೇ ಜಾಗದಲ್ಲಿ ಸರಳ ಪಟ್ಟಿಗಳಿರಬೇಕು. 1800ರ ಹೊತ್ತಿಗೆ ಹಳದಿ ಬಣ್ಣ ಬಳಿದ ಅಚ್ಚುಕಟ್ಟಾದ ಚೌಕಟ್ಟು.

ಹಿಂಬದಿಯ ನಕ್ಷೆಯನ್ನು ಓದುವುದರಲ್ಲೇ ಹೆಚ್ಚಿನ ಮಾದರಿಗಳು ತಪ್ಪುತ್ತವೆ. ಹಳೆಯ ಹಡಗುನಕ್ಷೆಯಲ್ಲಿ ಹಿಂಬದಿಯ ನೇರನೋಟ ಒಂದಿರುತ್ತದೆ. ಅದನ್ನು ಕಾಗದದಿಂದ ಮರಕ್ಕೆ ನೇರವಾಗಿ ಇಳಿಸಿದರೆ ಕಿಟಕಿಗಳು ಕುಳ್ಳಾಗುತ್ತವೆ, ಮೂಲೆಗಳು ಕೂಡುವುದಿಲ್ಲ. ಹಿಂಬದಿ ಹಿಂದಕ್ಕೆ ವಾಲಿರುತ್ತದೆ. ನೇರನೋಟ ಅದರ ನಿಜವಾದ ಎತ್ತರವನ್ನಲ್ಲ, ಕುಗ್ಗಿದ ನೆರಳನ್ನು ತೋರಿಸುತ್ತದೆ. ವಾಲು 20 ಡಿಗ್ರಿ ಇದ್ದು ಕಿಟಕಿ 4 ಅಡಿ ಎತ್ತರದ್ದಾಗಿದ್ದರೆ, 48ರಲ್ಲೊಂದು ಅಳತೆಯ ಮಾದರಿಯಲ್ಲಿ ಅದು 25.4 ಮಿಲಿಮೀಟರ್ ಬರಬೇಕು. ನೇರನೋಟದಿಂದ ಅಳೆದರೆ 23.9 ಮಿಲಿಮೀಟರ್ ಮಾತ್ರ ಸಿಗುತ್ತದೆ. ಮೂರು ಸಾಲು ಕಿಟಕಿಗಳಿರುವ ಹಡಗಿನಲ್ಲಿ ಈ ಕೊರತೆ ಸುಮಾರು ನಾಲ್ಕೂವರೆ ಮಿಲಿಮೀಟರಿಗೆ ಏರಿ, ಟ್ಯಾಫ್ರೇಲ್ ಬದಿಯ ಕಟಕಟೆಗೆ ಹೊಂದದೆ ಹೋಗುತ್ತದೆ. ಆದ್ದರಿಂದ ಎತ್ತರವನ್ನು ಪಕ್ಕನೋಟದಲ್ಲಿ, ಆ ವಾಲುಗೆರೆಯ ಮೇಲೇ ಅಳೆಯಬೇಕು.

ಅಗಲದ್ದೂ ಇಂಥದೇ ಕಥೆ. ಟ್ರಾನ್ಸಮ್‌ಗಳಿಗೆ ಎರಡು ಬಾಗುಗಳಿವೆ. ಮೇಲಿಂದ ನೋಡಿದರೆ ನಡುಭಾಗ ಹಿಂದಕ್ಕೆ ಉಬ್ಬಿರುತ್ತದೆ, ಹಿಂದಿನಿಂದ ನೋಡಿದರೆ ನಡುಭಾಗ ಮೇಲಕ್ಕೆ ಕಮಾನಾಗಿರುತ್ತದೆ. ಕೌಂಟರಿನ ಪ್ರತಿ ಪಟ್ಟಿಯೂ ಪ್ರತಿ ಕಿಟಕಿಯ ಹೊಸ್ತಿಲೂ ಈ ಎರಡು ಬಾಗುಗಳನ್ನು ಅನುಸರಿಸುತ್ತದೆ. ಜೊತೆಗೆ ಕಿಟಕಿಗಳ ನಡುವಿನ ಕಂಬಗಳು ಒಂದಕ್ಕೊಂದು ಸಮಾನಾಂತರವಲ್ಲ. ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತ, ಎಲ್ಲ ಗೆರೆಗಳೂ ಮೇಲೆಲ್ಲೋ ಒಂದು ಬಿಂದುವಿನಲ್ಲಿ ಸೇರುವಂತೆ ಸಾಗುತ್ತವೆ. ಪರಿಣಾಮವಾಗಿ ಒಂದು ಸಾಲಿನಲ್ಲಿ ನಟ್ಟನಡುವಿನ ಕಿಟಕಿ ಮಾತ್ರ ಎರಡೂ ಬದಿ ಸಮನಾಗಿರುವುದು, ಉಳಿದವೆಲ್ಲ ಓರೆ. ಎಡದ ಪ್ರತಿಯೊಂದಕ್ಕೆ ಬಲದಲ್ಲಿ ಒಂದು ಜೋಡಿ ಇರುತ್ತದೆ. ಕಿಟ್‌ಗಳಲ್ಲಿ ಬರುವ ಒಂದೇ ಅಚ್ಚಿನ ಲೋಹದ ಕಿಟಕಿಗಳು ಎಂದೂ ಸರಿಯಾಗಿ ಕೂರದಿರುವುದಕ್ಕೆ ಕಾರಣ ಇದು. ಮೊದಲು ಸ್ಟರ್ನ್ ಟಿಂಬರ್‌ಗಳನ್ನು ನಿಲ್ಲಿಸಿ, ಆಮೇಲೆ ಅವುಗಳ ನಡುವಿನ ತೆರಪಿಗೆ ಕಾಗದದ ಅಚ್ಚು ತೆಗೆದು, ಒಂದೊಂದು ಕಿಟಕಿಯನ್ನೂ ಅದರ ಜಾಗಕ್ಕೇ ಕಟ್ಟುವುದು ನಿಧಾನದ ದಾರಿ, ಆದರೆ ಬೇರೆ ದಾರಿಯಿಲ್ಲ.

ಎಲ್ಲಕ್ಕಿಂತ ಮೊದಲು ವಿಂಗ್ ಟ್ರಾನ್ಸಮ್ ಸರಿಯಾಗಿ ಕೂರಬೇಕು. ಅದರ ಎರಡು ತುದಿಗಳು ಕಟ್ಟುಮಣೆಯಿಂದ ಒಂದೇ ಎತ್ತರದಲ್ಲಿರಬೇಕು. ಮುಂಭಾಗದಲ್ಲಿ ಕೀಲ್‌ನ ನಡುಗೆರೆಯ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅಲ್ಲಿಂದ ಎರಡೂ ತುದಿಗೆ ದಾರ ಎಳೆದು ನೋಡಿದರೆ ಅಳತೆ ಒಂದೇ ಬರಬೇಕು. ಅರ್ಧ ಮಿಲಿಮೀಟರ್ ಓರೆಯಾದರೂ ಅದು ಮೇಲೆ ಹೋದಂತೆ ಬೆಳೆದು ಟ್ಯಾಫ್ರೇಲ್‌ನಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಹಡಗುಕಟ್ಟೆಯ ಹಳೆಯ ಬಡಗಿಗಳೂ ಇದೇ ಪರೀಕ್ಷೆಯನ್ನು ಹಗ್ಗ, ತೂಗುಗುಂಡುಗಳಿಂದ ಮಾಡುತ್ತಿದ್ದರು.

ಚುಕ್ಕಾಣಿಯ ಕಟ್ಟಣೆ ಹೆಚ್ಚು ಬದಲಾಗಲಿಲ್ಲ. ಹಿಂಗಂಬಕ್ಕೆ ಲೋಹದ ಬಳೆಗಳು, ಚುಕ್ಕಾಣಿಗೆ ಕೆಳಮುಖದ ಗೂಟಗಳು. ಗೂಟ ಬಳೆಯೊಳಗೆ ಇಳಿದರೆ ಕೀಲು ಸಿದ್ಧ. ಅಲೆ ಚುಕ್ಕಾಣಿಯನ್ನು ಮೇಲಕ್ಕೆತ್ತಿ ಕಳಚದಂತೆ ಒಂದು ಬಳೆಯ ಕೆಳಗೆ ಮರದ ತಡೆ ಇರುತ್ತಿತ್ತು. ಚುಕ್ಕಾಣಿ ತಿರುಗಲು ಅದರ ಮುಂದಂಚನ್ನೂ ಹಿಂಗಂಬದ ಅಂಚನ್ನೂ ಓರೆಯಾಗಿ ಕೊಯ್ದಿರುತ್ತಾರೆ. ಈ ಓರೆ ಬಿಟ್ಟ ಮಾದರಿಯಲ್ಲಿ ಚುಕ್ಕಾಣಿ ಒಂದು ಡಿಗ್ರಿಯೂ ತಿರುಗದು. ಕೌಂಟರಿನ ತೂತಿನಿಂದ ನೀರು ಒಳಗೆ ಬರದಂತೆ ಚುಕ್ಕಾಣಿಯ ತಲೆಗೆ ಡಾಂಬರು ಬಳಿದ ಕ್ಯಾನ್ವಾಸ್ ಸುತ್ತಿರುತ್ತಿದ್ದರು. ಹಡಗನ್ನು ತಿರುಗಿಸುವ ಬಗೆಯಲ್ಲಿ ಮಾತ್ರ ದೊಡ್ಡ ಬದಲಾವಣೆಯಾಯಿತು. 17ನೇ ಶತಮಾನದುದ್ದಕ್ಕೂ ಟಿಲ್ಲರಿನ ತುದಿಗೆ ನಿಲ್ಲಿಸಿದ ವಿಪ್‌ಸ್ಟಾಫ್ ಎಂಬ ಕೋಲನ್ನು ಮೇಲಿನ ಅಟ್ಟದಿಂದ ತಳ್ಳುತ್ತಿದ್ದರು. 18ನೇ ಶತಮಾನದ ಮೊದಲ ದಶಕದಲ್ಲಿ ಹಗ್ಗ ಸುತ್ತಿದ ಚಕ್ರ ಬಂತು. ಮಾದರಿಗಾರರು ಗಮನಿಸಬೇಕಾದ ಇನ್ನೊಂದು ಬದಲಾವಣೆ ತಾಮ್ರದ್ದು. ನೀರಿನ ಕೆಳಗಿನ ಮರಕ್ಕೆ ತಾಮ್ರದ ಹಾಳೆ ಹೊದಿಸುವ ಪ್ರಯೋಗ 1761ರಲ್ಲಿ ಅಲಾರ್ಮ್ ಎಂಬ ಬ್ರಿಟಿಷ್ ಫ್ರಿಗೇಟಿನಲ್ಲಿ ನಡೆಯಿತು. 1779ರಿಂದ ಇಡೀ ನೌಕಾಪಡೆಗೆ ವಿಸ್ತರಿಸಿತು. ಹಾಳೆಯ ಅಳತೆ 4 ಅಡಿ ಉದ್ದ, 14 ಇಂಚು ಅಗಲ. 48ರಲ್ಲೊಂದು ಅಳತೆಯಲ್ಲಿ 25.4ಕ್ಕೆ 7.4 ಮಿಲಿಮೀಟರ್. 1750ರ ಹಡಗಿನ ಮಾದರಿಗೆ ತಾಮ್ರ ಹೊದಿಸುವುದು ತಪ್ಪು.

ಹಿಂಬದಿಯ ದೌರ್ಬಲ್ಯವನ್ನು ಟ್ರಫಾಲ್ಗರ್ ಕದನ ಲೋಕಕ್ಕೆಲ್ಲ ತೋರಿಸಿತು. 1805ರ ಅಕ್ಟೋಬರ್ 21ರಂದು ಬ್ರಿಟಿಷ್ ಅಡ್ಮಿರಲ್ ನೆಲ್ಸನ್ನಿನ ವಿಕ್ಟರಿ ಹಡಗು ಫ್ರೆಂಚ್ ದಂಡನಾಯಕನಿದ್ದ ಬ್ಯುಸಾಂಟೋರ್ ಹಡಗಿನ ಬೆನ್ನಹಿಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಮೊದಲು 68 ಪೌಂಡಿನ ಕ್ಯಾರನೇಡ್ ತೋಪು ಒಂದು ಗುಂಡನ್ನೂ 500 ಬಂದೂಕಿನ ಗುಂಡುಗಳಿದ್ದ ಪೀಪಾಯಿಯನ್ನೂ ಹಿಂಬದಿಯ ಕಿಟಕಿಗಳೊಳಕ್ಕೆ ಉಗುಳಿತು. ಆಮೇಲೆ ಎಡಬದಿಯ ಫಿರಂಗಿಗಳು ಒಂದಾದ ಮೇಲೊಂದು ಹಾರಿದವು. ತೆಳ್ಳನೆಯ ಹಿಂಗೋಡೆ ತಡೆಯಲಿಲ್ಲ. ಅಡ್ಡಗೋಡೆಗಳನ್ನು ಮೊದಲೇ ಕಳಚಿದ್ದರಿಂದ ಗುಂಡುಗಳು ಹಡಗಿನ ಉದ್ದಕ್ಕೂ ಹಾದುಹೋದವು. ಅಂದು ಆ ಹಡಗಿನಲ್ಲಿ ಸತ್ತವರು 197 ಮಂದಿ. ಹಿಂಬದಿಯಿಂದ ಹಿಂದಕ್ಕೆ ಹಾರಿಸಬಹುದಾದ ಫಿರಂಗಿಗಳೋ ಬೆರಳೆಣಿಕೆಯವು. ಮೂಲೆಗಳ ದಿಕ್ಕಿಗಂತೂ ಒಂದೂ ತಿರುಗುತ್ತಿರಲಿಲ್ಲ, ಅಲ್ಲಿ ಕ್ವಾರ್ಟರ್ ಗ್ಯಾಲರಿ ಅಡ್ಡ.

1813ರಿಂದ 1832ರವರೆಗೆ ಬ್ರಿಟಿಷ್ ನೌಕಾಪಡೆಯ ಸರ್ವೇಯರ್ ಆಗಿದ್ದ ರಾಬರ್ಟ್ ಸೆಪಿಂಗ್ಸ್ ಈ ದೋಷವನ್ನು ಬುಡದಲ್ಲೇ ಕಿತ್ತ. ಮುಂಭಾಗವನ್ನು ದುಂಡಗೆ ಗಟ್ಟಿಮಾಡಿದ್ದ ಅವನು 1817ರಲ್ಲಿ ಹಿಂಬದಿಗೂ ಅದೇ ಉಪಾಯ ತಂದ. ಟ್ರಾನ್ಸಮ್‌ಗಳ ಪದ್ಧತಿಯನ್ನೇ ಕೈಬಿಟ್ಟು, ಹಿಂಬದಿಯ ಸುತ್ತ ಪಕ್ಕೆಲುಬುಗಳನ್ನು ಕೆಳಗಿನಿಂದ ಮೇಲಿನವರೆಗೆ ಬಿಡದೆ ಏರಿಸಿದ. ಹಿಂಬದಿ ಬದಿಯಷ್ಟೇ ದಪ್ಪವಾಯಿತು, ಫಿರಂಗಿಗಳು ಹಿಂದಕ್ಕೂ ಮೂಲೆಗಳ ಕಡೆಗೂ ತಿರುಗಿದವು, ಭಾರಿ ಬಾಗುಮರಗಳ ಅವಶ್ಯಕತೆಯೂ ಇಳಿಯಿತು. ಆದರೆ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ವಿಶಾಲ ಕೋಣೆ ಹೋಯಿತು, ಹಡಗಿನ ಅಂದ ಕೆಟ್ಟಿತು ಎಂದು ಗೊಣಗಿದರು. ಅವರ ಮಾತಿನಲ್ಲಿ ನಿಜವಿಲ್ಲದಿಲ್ಲ. ದುಂಡು ಹಿಂಬದಿಗೆ ಹೊರಗಿನಿಂದ ತಗುಲಿಸಿದ ಗ್ಯಾಲರಿಗಳು ನಿಜಕ್ಕೂ ಅಸಡ್ಡಾಳ. ಆದರೂ ಮರದ ಹಡಗಿನ ಕಟ್ಟಣೆಯ ದೃಷ್ಟಿಯಿಂದ ಸೆಪಿಂಗ್ಸ್ ಹೇಳಿದ್ದೇ ಸರಿ. ಅವನ ನಂತರ ಬಂದ ವಿಲಿಯಂ ಸೈಮಂಡ್ಸ್‌ನ ಕಾಲದಲ್ಲಿ ರಾಜಿಯಾಯಿತು. ಅಂಡಾಕಾರದ ಹಿಂಬದಿ ಬಂತು. ಒಳಗೆ ಸೆಪಿಂಗ್ಸ್‌ನ ಗಟ್ಟಿ ಪಕ್ಕೆಲುಬುಗಳು, ಹೊರಗೆ ಹಳೆಯ ಚೌಕ ಹಿಂಬದಿಯನ್ನು ನೆನಪಿಸುವ ಕಿಟಕಿಸಾಲು. ಮರದ ಸಮರನೌಕೆಗಳ ಕಾಲ ಮುಗಿಯುವವರೆಗೂ ಇದೇ ನಡೆಯಿತು.

ಈ ಬದಲಾವಣೆಗೆ ಭಾರತದಲ್ಲಿ ಕಟ್ಟಿದ ಹಡಗೊಂದು ಸಾಕ್ಷಿ. ನೆಪೋಲಿಯನ್ನನ ಯುದ್ಧಗಳಲ್ಲಿ ಓಕ್ ಅಭಾವವಾದಾಗ ಬ್ರಿಟಿಷರು ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದ ಸಮರನೌಕೆಗಳನ್ನು ಕಟ್ಟಿಸಿದರು. ತೇಗ ಬರುತ್ತಿದ್ದದ್ದು ಮಲಬಾರ್ ಮತ್ತು ಕೆನರಾ ಕರಾವಳಿಯ ಕಾಡುಗಳಿಂದ. ಈ ಮರದ ಸರಬರಾಜಿಗಾಗಿಯೇ ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಓಕ್‌ನಲ್ಲಿರುವ ಆಮ್ಲ ಕಬ್ಬಿಣದ ಬೋಲ್ಟುಗಳನ್ನು ತಿನ್ನುತ್ತದೆ. ಎಣ್ಣೆಯಂಶವಿರುವ ತೇಗದಲ್ಲಿ ಅವು ಬಹುಕಾಲ ಬಾಳುತ್ತವೆ. ಜಮ್ಷೆಡ್ಜಿ ಬೊಮನ್ಜಿ ವಾಡಿಯಾ ಕಟ್ಟಿದ ಟ್ರಿಂಕೋಮಲಿ ಫ್ರಿಗೇಟ್ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಅದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ಜಾವಾ ಹಡಗು 1812ರಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗಿಗೆ ಸೋತು ನಾಶವಾಗಿದ್ದರಿಂದ ಇನ್ನೊಂದು ಪ್ರತಿಯನ್ನು ಕಳಿಸಬೇಕಾಯಿತು. ಸೆಪಿಂಗ್ಸ್‌ನ ದುಂಡು ಹಿಂಬದಿ ಜಾರಿಗೆ ಬಂದ ವರ್ಷವೇ ಟ್ರಿಂಕೋಮಲಿ ಹಳೆಯ ಚೌಕ ಹಿಂಬದಿಯೊಂದಿಗೆ ಹುಟ್ಟಿತು. 1840ರ ದಶಕದ ದುರಸ್ತಿಯಲ್ಲಿ ಅದನ್ನು ಅಂಡಾಕಾರಕ್ಕೆ ಬದಲಿಸಿದರು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಆದರೆ ಅದರ ಮಾದರಿಯನ್ನು ತೇಗದಲ್ಲೇ ಕಟ್ಟುವ ಆಸೆ ಬೇಡ. ತೇಗದ ರಂಧ್ರಗಳು ಚಿಕ್ಕ ಅಳತೆಯಲ್ಲಿ ಬಿರುಕುಗಳಂತೆ ಕಾಣುತ್ತವೆ. ಬಾಕ್ಸ್‌ವುಡ್, ಪೇರ್ ಮರಗಳಂಥ ನುಣುಪಾದ ನಾರಿನ ಮರಗಳೇ ಈ ಕೆಲಸಕ್ಕೆ ಒಗ್ಗುತ್ತವೆ.

ಆಧಾರಗಳಿಗೆ ಕೊರತೆಯಿಲ್ಲ. 1650ರ ದಶಕದಿಂದ ಇಂಗ್ಲೆಂಡಿನಲ್ಲಿ ಹಡಗುಗಳ ಜೊತೆಗೇ ಕಟ್ಟುತ್ತಿದ್ದ ನೇವಿ ಬೋರ್ಡ್ ಮಾದರಿಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲಿ, ಅಮೆರಿಕದ ಅನಾಪೊಲಿಸ್ ನೌಕಾ ಅಕಾಡೆಮಿಯ ರಾಜರ್ಸ್ ಸಂಗ್ರಹದಲ್ಲಿ ಇವೆ. ಅವುಗಳ ಹಿಂಬದಿಯ ಅಲಂಕಾರವನ್ನು ನಂಬಬಹುದು. ಕೆಳಗಿನ ಪಕ್ಕೆಲುಬುಗಳ ಜೋಡಣೆ ಮಾತ್ರ ಕಣ್ಣಿಗೆ ಚೆಂದವಾಗಲೆಂದು ಸರಳಗೊಳಿಸಿದ್ದು, ಅದನ್ನು ನಿಜವಾದ ಕಟ್ಟಣೆ ಎಂದು ತಿಳಿಯಬಾರದು. ಫ್ರೆಂಚ್ ಹಡಗು ಕಟ್ಟುವವರಿಗೆ 74 ಫಿರಂಗಿಗಳ ನೌಕೆಯ ಬಗ್ಗೆ ಜಾನ್ ಬೂದ್ರಿಯೋ ಬರೆದ ನಾಲ್ಕು ಸಂಪುಟಗಳಿವೆ, ವಿಕ್ಟರಿಗೆ ಲಾಂಗ್‌ರಿಜ್‌ನ 1955ರ ಪುಸ್ತಕವಿದೆ. ಸೆಪಿಂಗ್ಸ್‌ನ ದುಂಡು ಹಿಂಬದಿಯನ್ನು ನೋಡಲು ಸ್ಕಾಟ್‌ಲೆಂಡಿನ ಡಂಡಿಯಲ್ಲಿ 1824ರ ಯೂನಿಕಾರ್ನ್ ಇದೆ.

ಯಾವ ಹಡಗನ್ನೇ ಆರಿಸಲಿ, ಅದರ ಯಾವ ವರ್ಷದ ರೂಪ ಎಂಬುದನ್ನು ಮೊದಲು ನಿರ್ಧರಿಸಬೇಕು. 1765ರಲ್ಲಿ ಚಾಥಮ್‌ನಲ್ಲಿ ತೇಲಿದ ವಿಕ್ಟರಿಗೆ ತೆರೆದ ಮೊಗಸಾಲೆಗಳಿದ್ದವು. 1800ರಿಂದ 1803ರವರೆಗಿನ ದುರಸ್ತಿಯಲ್ಲಿ ಅವನ್ನು ತೆಗೆದು ಹಿಂಬದಿಯನ್ನು ಮುಚ್ಚಿದರು. ಟ್ರಫಾಲ್ಗರಿನಲ್ಲಿ ಕಾದಾಡಿದ್ದು ಈ ಮುಚ್ಚಿದ ಹಿಂಬದಿಯ ವಿಕ್ಟರಿ, ಇಂದು ಪೋರ್ಟ್ಸ್‌ಮತ್‌ನಲ್ಲಿ ಕಾಣುವುದೂ ಅದೇ ರೂಪ.